ವಿ.ಪಿ.ಪಿ.ಯಿಂದ ಕ್ಯೂಆರ್ ಕೋಡ್‌ವರೆಗೆ

ಮುಖ ಕಾಣದ ವ್ಯಾಪಾರಿಯೊಡನೆ ವ್ಯವಹಾರ ಇಂದು ನಿನ್ನೆಯದಲ್ಲ. ಮೊದಲು ಹಣವೋ, ಮೊದಲು ಸರಕೋ? ಈ ತಕರಾರಿಗೆ ಭಾರತದ ಅಂಚೆ ಇಲಾಖೆ 1877ರಲ್ಲಿ ಕಂಡುಕೊಂಡ ಉತ್ತರವೇ ವಿ.ಪಿ.ಪಿ. ಅಂಚೆಯಣ್ಣ ನಡುವೆ ನಿಂತ. ಹಣ ಕೊಟ್ಟರೆ ಪಾರ್ಸೆಲ್. ಬೇಡವೆಂದರೆ ಕಳಿಸಿದವನಿಗೇ ವಾಪಸ್. ಮಾರುವವನಿಗೆ ಧೈರ್ಯ ಬಂತು. ಆದರೆ ಹಣ ತೆತ್ತ ಮೇಲಷ್ಟೇ ಪೊಟ್ಟಣ ಬಿಚ್ಚಬೇಕಾಗಿದ್ದ ಕೊಳ್ಳುವವನಿಗೆ, ಒಳಗಿರುವುದು ಗಡಿಯಾರವೋ ಕಲ್ಲೋ ಎಂಬ ಅಳುಕು ಉಳಿಯಿತು.

2016ರಲ್ಲಿ ಬಂದ ಯುಪಿಐ, ಖಾತೆಯಿಂದ ಖಾತೆಗೆ ಕ್ಷಣದಲ್ಲಿ ಹಣ ದಾಟಿಸಿತು. ನಡುವೆ ಸರಕು ಹಿಡಿದು ನಿಲ್ಲುವವರಿಲ್ಲ. ಈಗ ಮಾರುವವನೂ ಮೋಸ ಹೋಗುತ್ತಾನೆ. ಹಳೆಯ ಸೋಫಾ ಮಾರಾಟಕ್ಕಿದೆ ಎಂದು ಜಾಲತಾಣದಲ್ಲಿ ಪ್ರಕಟಿಸಿದವರಿಗೆ ಚೌಕಾಸಿಯನ್ನೇ ಮಾಡದ ಗಿರಾಕಿ ಸಿಗುತ್ತಾನೆ. ‘ಹಣ ಪಡೆಯಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ’ ಎನ್ನುತ್ತಾನೆ. ಒತ್ತಿದರೆ ಹಣ ಬರುವುದಿಲ್ಲ, ಹೋಗುತ್ತದೆ. ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ.

ಅಂಚೆಯಣ್ಣನ ಕೆಲಸವನ್ನು ಈಗ ನಾವೇ ಮಾಡಬೇಕು. ಕೊಳ್ಳುವವರು ಸರಕನ್ನು ಕಣ್ಣಾರೆ ಕಂಡ ಮೇಲೆ ಹಣ ಕೊಡಲಿ. ಮಾರುವವರು ತಮ್ಮ ಖಾತೆಯಲ್ಲೇ ಹಣ ನೋಡಿದ ಮೇಲೆ ಸರಕು ಕೊಡಲಿ. ಮೋಸವಾದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಹಣ ಹತ್ತಾರು ಖಾತೆಗಳಿಗೆ ಹಂಚಿಹೋಗುವ ಮೊದಲು ತಡೆಹಿಡಿಯುವ ಅವಕಾಶ ಹೆಚ್ಚು.