ಪದ ಪರಿಚಯ: ಆಟೋರನ್

ಮದಲೂರಿನವರು ಸಿರಾಕ್ಕೆ ಹೋಗಲು ಹತ್ತುವ ಆಟೋಗೂ, ಸಿ.ಡಿ. ಹಾಕಿದೊಡನೆ ಮೆನು ತೆರೆಯುವ ‘ಆಟೋರನ್’ಗೂ ಬೇರು ಒಂದೇ. ಗ್ರೀಕಿನ ‘ಆಟೋಸ್’ ಎಂದರೆ ತಾನು, ಸ್ವತಃ. ಅದಕ್ಕೆ ಇಂಗ್ಲಿಷಿನ ‘ರನ್’ ಸೇರಿದ ಈ ಪದ 1995ರಲ್ಲಿ ವಿಂಡೋಸ್ 95ರೊಂದಿಗೆ ಚಾಲ್ತಿಗೆ ಬಂತು.

ಕೆಲಸವೆಲ್ಲ ಒಂದು ಪುಟ್ಟ ಪಠ್ಯ ಕಡತದ್ದು: ಆಟೋರನ್.ಐಎನ್‌ಎಫ್. ನೋಟ್‌ಪ್ಯಾಡ್‌ನಲ್ಲಿ ಎರಡೇ ಸಾಲು ಬರೆದರೆ ಸಾಕು. ಮೊದಲ ಸಾಲಿನಲ್ಲಿ ಚೌಕ ಆವರಣದೊಳಗೆ ‘ಆಟೋರನ್’. ಎರಡನೆಯದರಲ್ಲಿ ‘ಓಪನ್’, ಸಮಚಿಹ್ನೆ, ಮೆನು ಪ್ರೋಗ್ರಾಮಿನ ಹೆಸರು. ಸಿ.ಡಿ.ಯಲ್ಲಿ ಈ ಕಡತ ಯಾವ ಫೋಲ್ಡರಿನೊಳಗೂ ಇರಬಾರದು. ಮೆನುವಿನ ಗುಂಡಿಗಳಿಗೆ ಕೊಡುವ ವಿಳಾಸದಲ್ಲಿ ‘ಡಿ’, ‘ಇ’ ಮುಂತಾದ ಡ್ರೈವ್ ಅಕ್ಷರ ಬೇಡ. ಅದು ಗಣಕದಿಂದ ಗಣಕಕ್ಕೆ ಬೇರೆಯಾಗುತ್ತದೆ.

ಕನ್ನಡದ ಮೆನುವಿಗೆ ಇನ್ನೊಂದು ಎಚ್ಚರ ಬೇಕು. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳಲ್ಲಿ ಬರೆದದ್ದು ಆ ಫಾಂಟಿಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಆದ್ದರಿಂದ ಯೂನಿಕೋಡ್‌ನಲ್ಲೇ ಬರೆಯಬೇಕು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಯೂನಿಕೋಡ್ ಫಾಂಟನ್ನು ಜೊತೆಯಲ್ಲೇ ತಂದಿತು. ನಮ್ಮ ನದಿಯ ಹೆಸರು ಅಲ್ಲಿದ್ದದ್ದು ನನಗೆ ಈಗಲೂ ಹೆಮ್ಮೆ.

ತಾನೇ ಓಡುವ ಈ ಗುಣವನ್ನು ವೈರಸ್‌ಗಳೂ ಬಳಸಿಕೊಂಡವು; ಕಾನ್‌ಫಿಕರ್ ಎಂಬುದು ಪೆನ್‌ಡ್ರೈವ್‌ಗಳ ಮೂಲಕ ಹರಡಿದ್ದು ಹೀಗೆ. 2009ರ ವಿಂಡೋಸ್ 7 ಪೆನ್‌ಡ್ರೈವಿಗೆ ಆಟೋರನ್ ನಿಲ್ಲಿಸಿ, ಸಿ.ಡಿ.ಗೆ ಉಳಿಸಿತು.

ಕನ್ನಡದಲ್ಲಿ ‘ಸ್ವಯಂಚಾಲಿತ’ ಎನ್ನುವುದುಂಟು. ನನಗೆ ‘ತಂತಾನೇ ತೆರೆಯುವ ಡಿಸ್ಕ್’ ಹೆಚ್ಚು ಇಷ್ಟ. ‘ಆಟೋಸ್’ ಮಾಡುವ ಕೆಲಸವನ್ನು ನಮ್ಮ ‘ತಾನು’ ಚೆನ್ನಾಗಿಯೇ ಮಾಡುತ್ತದೆ. ಮೆನುವಿಗೆ ಪುಸ್ತಕಗಳ ‘ಪರಿವಿಡಿ’ ಸಿದ್ಧವಾಗಿಯೇ ಇದೆ.