ಜಾಹೀರಾತಿಲ್ಲದೆ ಗೆದ್ದ ಮಸೂರ

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಪೆಟ್ಟಿಗೆ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಾಗ, ಗುಂಡಿ ಒತ್ತುವುದಷ್ಟೇ ಕೊಂಡವನ ಕೆಲಸ, ಮಿಕ್ಕದ್ದೆಲ್ಲ ಕಂಪನಿಯದು ಎಂದು ಜಾಹೀರಾತು ಸಾರಿತು. ಛಾಯಾಗ್ರಹಣದ ಗಂಧಗಾಳಿ ಇಲ್ಲದವರಿಗೆ ಅಷ್ಟು ಸಾಕಿತ್ತು. ಆದರೆ ಆ ವಿದ್ಯೆಯಿಂದಲೇ ಹೊಟ್ಟೆ ಹೊರೆಯುವವನಿಗೆ ದುಬಾರಿ ಕ್ಯಾಮೆರಾ ಮಾರುವುದು ಹೇಗೆ? ಅವನು ಹೊಗಳಿಕೆಗೆ ಮರುಳಾಗುವವನಲ್ಲ. ಮತ್ತೊಬ್ಬ ತೆಗೆದ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿ ಆಮೇಲೆ ಒಪ್ಪುವವನು.

ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಸೂಕ್ಷ್ಮದರ್ಶಕ ತಯಾರಿಸುತ್ತಿದ್ದ ಲೈಟ್ಸ್ ಕಂಪನಿಗೆ ಈ ಪಾಠ ಬೇಗನೆ ತಿಳಿಯಿತು. ಅಲ್ಲಿನ ಆಸ್ಕರ್ ಬಾರ್ನಾಕ್ ರೂಪಿಸಿದ ಪುಟ್ಟ ಕ್ಯಾಮೆರಾ, ಲೈಕಾ ಎಂಬ ಹೆಸರಿನಲ್ಲಿ 1925ರ ಲೈಪ್‌ಜಿಗ್ ಮೇಳಕ್ಕೆ ಬಂದಾಗ ವೃತ್ತಿನಿರತರಲ್ಲಿ ಹಲವರು ಅದನ್ನು ಆಟಿಕೆಯೆಂದೇ ಬಗೆದರು. ಮರುವರ್ಷ ಫ್ರಾಂಕ್‌ಫರ್ಟ್‌ನ ಪ್ರದರ್ಶನದಲ್ಲಿ ಪಾಲ್ ವೋಲ್ಫ್ ಎಂಬ ಛಾಯಾಗ್ರಾಹಕನಿಗೆ ಒಂದು ಲೈಕಾ ಬಹುಮಾನವಾಗಿ ಸಿಕ್ಕಿತು. ಅದರಿಂದ ತಾನು ಕಲಿತದ್ದನ್ನು ಆತ 1934ರಲ್ಲಿ ಪುಸ್ತಕವಾಗಿ ಹೊರತಂದ. ಆಟಿಕೆ ಎಂಬ ಮೂದಲಿಕೆಗೆ ಅದಕ್ಕಿಂತ ಗಟ್ಟಿಯಾದ ಉತ್ತರ ಬೇಕಿರಲಿಲ್ಲ.

ಜಪಾನಿನ ಕಥೆ ಇನ್ನೂ ಸ್ವಾರಸ್ಯಕರ. ಯುದ್ಧದಲ್ಲಿ ಸೋತು, ಮಿತ್ರಪಡೆಗಳ ಆಡಳಿತಕ್ಕೆ ಒಳಗಾಗಿದ್ದ ಆ ದೇಶದ ಸರಕೆಂದರೆ ಪಶ್ಚಿಮದವರ ಕಣ್ಣಿಗೆ ಅಗ್ಗದ ನಕಲು. 1950ರ ಜೂನ್‌ನಲ್ಲಿ 'ಲೈಫ್' ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೊದಲ್ಲಿದ್ದರು. ಅದೇ ಪತ್ರಿಕೆಗೆ ಕೆಲಸ ಮಾಡುತ್ತಿದ್ದ ಜುನ್ ಮಿಕಿ ಮಂದ ಬೆಳಕಿನಲ್ಲೇ ಅವರದೊಂದು ಚಿತ್ರ ತೆಗೆದರು. ಬಳಸಿದ್ದು ನಿಪ್ಪಾನ್ ಕೊಗಾಕು ಕಂಪನಿಯ 85 ಮಿಲಿಮೀಟರ್ ನಿಕ್ಕೋರ್ ಮಸೂರ. ಮೊದಲು ಅಸಡ್ಡೆ ತೋರಿದ ಡಂಕನ್, ಮುದ್ರಿತ ಪ್ರತಿಯ ಸ್ಪಷ್ಟತೆ ಕಂಡು ಬೆರಗಾದರು. ಸಹೋದ್ಯೋಗಿ ಹೊರೇಸ್ ಬ್ರಿಸ್ಟಲ್ ಜತೆ ನೇರವಾಗಿ ಕಾರ್ಖಾನೆಗೇ ಹೋಗಿ ಮಸೂರಗಳನ್ನು ಪರೀಕ್ಷಿಸಿದರು.

ಆ ತಿಂಗಳು ಮುಗಿಯುವ ಮೊದಲೇ, 25ರಂದು, ಕೊರಿಯಾ ಯುದ್ಧ ಸಿಡಿಯಿತು. ಡಂಕನ್ ತಮ್ಮ ಲೈಕಾಗಳಿಗೆ ನಿಕ್ಕೋರ್ ಮಸೂರ ತಿರುಗಿಸಿಕೊಂಡು ರಣರಂಗಕ್ಕೆ ಹೊರಟರು. ಜರ್ಮನಿಯ ಪೆಟ್ಟಿಗೆ, ಜಪಾನಿನ ಕಣ್ಣು! ಚಳಿಯಲ್ಲಿ ಬಸವಳಿದ ಸೈನಿಕರ ಮುಖಗಳು 'ಲೈಫ್' ಪುಟಗಳಲ್ಲಿ ಅಚ್ಚಾದವು. 1950ರ ಡಿಸೆಂಬರ್ 10ರಂದು 'ನ್ಯೂಯಾರ್ಕ್ ಟೈಮ್ಸ್' ಈ ಜಪಾನಿ ಕ್ಯಾಮೆರಾ ಮತ್ತು ಮಸೂರಗಳ ಬಗ್ಗೆ ಬರೆಯಿತು. ಜಾಹೀರಾತಿಗೆ ಹಣ ಸುರಿದು ಪಡೆಯಲಾಗದ ಪ್ರಚಾರ ಅದು. 1959ರಲ್ಲಿ ಬಂದ ನಿಕಾನ್ ಎಫ್ ಕ್ಯಾಮೆರಾ ಸುದ್ದಿ ಛಾಯಾಗ್ರಾಹಕರ ಹೆಗಲೇರುವ ಹೊತ್ತಿಗೆ ನೆಲ ಹದವಾಗಿತ್ತು.

ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್‌ಗೂ ಇಂಥದೇ ಅದೃಷ್ಟ. 1962ರಲ್ಲಿ ಗಗನಯಾತ್ರಿ ವಾಲ್ಟರ್ ಶಿರಾ ಹ್ಯೂಸ್ಟನ್ನಿನ ಅಂಗಡಿಯಲ್ಲಿ ಎಲ್ಲರಂತೆ ಒಂದು ಕ್ಯಾಮೆರಾ ಕೊಂಡರು. ಅದು ಅಂತರಿಕ್ಷ ಕಂಡಿತು. 1969ರಲ್ಲಿ ಅದರ ಪೀಳಿಗೆಯದು ಚಂದ್ರನನ್ನೂ ಮುಟ್ಟಿತು.

ಛಾಯಾಗ್ರಾಹಕರನ್ನು ನೆಚ್ಚಿದವರು ಅವರನ್ನು ಸರಿಯಾಗಿ ಆರಿಸದೆ ಎಡವಿದ್ದೂ ಉಂಟು. 2017ರಲ್ಲಿ ನಿಕಾನ್ ತನ್ನ ಡಿ850 ಕ್ಯಾಮೆರಾದ ಪ್ರಚಾರಕ್ಕೆ ಏಷ್ಯಾ, ಆಫ್ರಿಕಾಗಳಿಂದ 32 ಮಂದಿಯನ್ನು ಆರಿಸಿತು. ಅವರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ! ಟೀಕೆಗಳ ಸುರಿಮಳೆಯಾಯಿತು.

ಲೈಕಾದ ಪಾಡು ಇನ್ನೂ ವಿಚಿತ್ರ. ಅದರ ಶತಮಾನದ ನೆಪದಲ್ಲಿ ಬ್ರೆಜಿಲ್‌ನಲ್ಲಿ ತಯಾರಾದ ಜಾಹೀರಾತು ಚಿತ್ರವೊಂದು ಜಗತ್ತಿನ 35 ಪ್ರಸಿದ್ಧ ಛಾಯಾಚಿತ್ರಗಳನ್ನು ಮರುಸೃಷ್ಟಿಸಿ, 2015ರಲ್ಲಿ ಕಾನ್ ಜಾಹೀರಾತು ಉತ್ಸವದ ಪರಮೋಚ್ಚ ಪ್ರಶಸ್ತಿ ಗಳಿಸಿತು. ಅವೆಲ್ಲವೂ ಲೈಕಾದಲ್ಲೇ ತೆಗೆದವಲ್ಲ ಎಂಬುದು ಬೇರೆ ಮಾತು. 2019ರಲ್ಲಿ ಬ್ರೆಜಿಲ್‌ನಲ್ಲೇ ತಯಾರಾದ ಇನ್ನೊಂದು ಚಿತ್ರ, 1989ರಲ್ಲಿ ಬೀಜಿಂಗ್‌ನಲ್ಲಿ ಟ್ಯಾಂಕುಗಳಿಗೆ ಎದುರು ನಿಂತ ಒಂಟಿ ಮನುಷ್ಯನ ಪ್ರಸಂಗವನ್ನು ತೋರಿಸಿತು. ಚೀನಾದ ವೈಬೊ ಜಾಲತಾಣದಲ್ಲಿ ಲೈಕಾ ಎಂಬ ಪದಕ್ಕೇ ತಡೆ ಬಿತ್ತು. ಆ ಚಿತ್ರಕ್ಕೆ ತನ್ನ ಅಧಿಕೃತ ಒಪ್ಪಿಗೆ ಇರಲಿಲ್ಲ ಎಂದು ಕಂಪನಿ ಕೈ ತೊಳೆದುಕೊಂಡಿತು. ಆ ಒಂಟಿ ಮನುಷ್ಯನ ಅತಿ ಹೆಚ್ಚು ಪ್ರಸಿದ್ಧವಾದ ಛಾಯಾಚಿತ್ರ ತೆಗೆದವರು ಅಸೋಸಿಯೇಟೆಡ್ ಪ್ರೆಸ್‌ನ ಜೆಫ್ ವೈಡನರ್. ಅಂದು ಅವರ ಕೈಯಲ್ಲಿದ್ದುದು ನಿಕಾನ್.