ಕೂಡಿಟ್ಟ ರಕ್ತಕ್ಕೂ ವಯಸ್ಸಿದೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಉಮರ್ಗಾ, ನಿಲಂಗಾದ ಗಡಿಸೀಮೆಯನ್ನು ನಡುಗಿಸಿತು. ಅಂಥ ಹೊತ್ತಿನಲ್ಲಿ ಗಾಯಾಳುವಿಗೆ ಮೊದಲು ಒದಗುವುದು ಮುಂಚೆಯೇ ಯಾರೋ ಕೊಟ್ಟಿಟ್ಟ ರಕ್ತ. ಹೊಸ ರಕ್ತದ ಪರೀಕ್ಷೆಗೆ ಸಮಯ ಬೇಕು.

ರಕ್ತ ಕೂಡಿಡುವ ದಾರಿ ತೆರೆದದ್ದು 1916ರಲ್ಲಿ. ರೌಸ್ ಮತ್ತು ಟರ್ನರ್ ಸಿಟ್ರೇಟ್, ಸಕ್ಕರೆ ಬೆರೆಸಿ ಕೆಂಪುಕಣಗಳನ್ನು ವಾರಗಟ್ಟಲೆ ಉಳಿಸಿದರು. ಮರುವರ್ಷವೇ ಮಹಾಯುದ್ಧದ ಗಾಯಾಳುಗಳಿಗೆ ಡಾ. ರಾಬರ್ಟ್‌ಸನ್ ಹಾಗೆ ಕೂಡಿಟ್ಟ ರಕ್ತ ಕೊಟ್ಟರು. ಇಂದು 2ರಿಂದ 6 ಡಿಗ್ರಿ ತಂಪಿನಲ್ಲಿ, ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಇಡುತ್ತಾರೆ.

ಅಷ್ಟರಲ್ಲಿ ಕಣಗಳು ಬದಲಾಗುತ್ತವೆ: ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ತಟ್ಟೆಯಂಥ ಆಕಾರ ಮುಳ್ಳುಮುಳ್ಳಾಗುತ್ತದೆ. ಆಮ್ಲಜನಕ ಬಿಟ್ಟುಕೊಡಲು ನೆರವಾಗುವ ಡಿಪಿಜಿ ಎರಡು ವಾರಗಳಲ್ಲಿ ಬಹುತೇಕ ಮುಗಿಯುತ್ತದೆ. ರೋಗಿಯ ಮೈ ಸೇರಿದ ಮೇಲೆ ಮೆಲ್ಲಗೆ ಮರಳುತ್ತದೆ.

ಅಂಗಡಿ ಸರಕಿನಂತೆ ಇದಕ್ಕೂ ಕೊನೆಯ ದಿನಾಂಕವಿದೆ. ಆದ್ದರಿಂದ ಒಂದೇ ದಿನ ಎಲ್ಲರೂ ಸಾಲುಗಟ್ಟಬೇಕಿಲ್ಲ. ಮನೆಮಂದಿ ಸರದಿಯಂತೆ, ಮಾಮೂಲಿ ದಿನಗಳಲ್ಲೇ ರಕ್ತ ಕೊಡೋಣ.